ದೀಪದ ಮೇಲಿನ ಅಲಾರಾಂ

“ಡೋಲ್ಫಿಯಣ್ಣ, ನಿಮಗೊಂದು ಸಣ್ಣ ಕೆಲಸ ಉಂಟು,” ಎನ್ನುತ್ತಾ ಸೇಸಪ್ಪ ಸ್ನಾನದ ಪ್ಲಾಸ್ಟಿಕ್ ಟೋಪಿಯೊಂದನ್ನು ಡೋಲ್ಫಿಯ ಕೈಗಿಟ್ಟ. “ದೀಪ ಸರಿಯಾಗಿ ಹೊಗೆ ಅಲಾರಾಮಿನ ಅಡಿಗೇ ಬಂದಿದೆ ಮಾರಾಯ್ರೆ. ಆಚೆ ಸರಿಸಿದ್ರೆ ಬ್ಯಾನರ್ ಕಾಣುದಿಲ್ಲ. ಬತ್ತಿ ಹೊತ್ತಿಸುವಾಗ ಅದು ಬೊಬ್ಬೆ ಹೊಡೆದ್ರೆ ನಮ್ಮ ಮರ್ಯಾದೆ ಹೋಗ್ತದೆ. ಇದನ್ನು ಅದಕ್ಕೊಂದು ಹಾಕಿಬಿಡಿ. ಕಾರ್ಯಕ್ರಮ ಮುಗಿದ ಕೂಡ್ಲೆ ತೆಗೆದರಾಯ್ತು.”

ಸಣ್ಣ ಕೆಲಸವಂತೆ! ಡೋಲ್ಫಿಗೆ ಮೈಯೆಲ್ಲ ಉರಿಯಿತು. ಕೊಲ್ಲಿ ನಾಡಿನ ಮಹಬೂಲಾದ ಈ ಕಟ್ಟಡದಲ್ಲಿ ಬೆಂಕಿ ಸುರಕ್ಷಾ ಸ್ವಯಂಸೇವಕರ ತಂಡ ಕಟ್ಟಿದವನು ಯಾರು? ಶುಐಬಾದ ಕಾರ್ಖಾನೆಯಲ್ಲಿ ಸೇಫ್ಟಿ ವಿಭಾಗದಲ್ಲಿರುವ ತಾನಲ್ಲವೇ? ಮೆಟ್ಟಿಲ ಮೇಲಿನ ಚಪ್ಪಲಿ ಸ್ಟ್ಯಾಂಡುಗಳನ್ನು ತೆಗೆಸಲು ಹೋಗಿ ಮನೆಮನೆಯಲ್ಲೂ ಬೈಸಿಕೊಂಡವನು ತಾನು. ಪ್ರತಿ ಶುಕ್ರವಾರ ಕೋಲು ಹಿಡಿದು ಮಹಡಿ ಮಹಡಿ ಹತ್ತಿ, ಅಲಾರಾಮಿನ ಗುಂಡಿ ಒತ್ತಿ, ಅದು ಕೂಗುತ್ತದೋ ಇಲ್ಲವೋ ಎಂದು ಕತ್ತೆತ್ತಿ ನೋಡಿದವನೂ ತಾನೇ. ಸೇಸಪ್ಪ ಮಾಡಿದ್ದೇನು? ಪಕ್ಕದ ಮನೆಯ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ಓಡಿ ಹೋಗಿ ಮುಚ್ಚಳ ಮುಚ್ಚಿದ. ಒಂದು ಮುಚ್ಚಳ! ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದರು, ಊರೆಲ್ಲ ಹಂಚಿದರು. ಇವತ್ತು ಕಟ್ಟಡದ ಹಾಲಿನಲ್ಲಿ ನಡೆಯುವ ತಂಡದ ವರ್ಷದ ಕಾರ್ಯಕ್ರಮದಲ್ಲಿ ಶಾಲು ಅವನಿಗೆ, ದೀಪ ಬೆಳಗುವವನೂ ಅವನೇ.

“ಎಣ್ಣೆ ಬೆಂಕಿಗೆ ನೀರು ಹಾಕಬಾರದು, ಮುಚ್ಚಳ ಮುಚ್ಚಬೇಕು ಅಂತ ಹೇಳಿಕೊಟ್ಟದ್ದೇ ನಾನು,” ಎಂದು ಅವನು ಹೆಂಡತಿಯ ಹತ್ತಿರ ಗೊಣಗಿದ.

ಇನೆಜ್ ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. “ಹೇಳಿಕೊಟ್ಟದ್ದು ನೀವು, ಮುಚ್ಚಿದ್ದು ಅವರು. ಈಗ ಮುಖ ಸ್ವಲ್ಪ ಸರಿ ಮಾಡಿಕೊಳ್ಳಿ, ಫೋಟೋ ತೆಗೀತಾರೆ.”

ಡೋಲ್ಫಿ ಏಣಿ ಇಟ್ಟು ಹತ್ತಿದ. ಬಣ್ಣದ ಬಲೂನುಗಳ ನಡುವೆ ಬಿಳಿ ತಟ್ಟೆಯ ಹಾಗೆ ಅಲಾರಾಂ ಅಂಟಿಕೊಂಡಿತ್ತು. ಟೋಪಿ ಹಿಡಿದ ಕೈ ಅದರ ತನಕ ಹೋಗಿ ನಿಂತಿತು. ಮುಚ್ಚದಿದ್ದರೆ? ದೊಡ್ಡ ಮನುಷ್ಯನ ಗತ್ತಿನಲ್ಲಿ ಸೇಸಪ್ಪ ಬತ್ತಿ ಹೊತ್ತಿಸುತ್ತಾನೆ, ತಲೆಯ ಮೇಲೆ ಇದು ಕಿರುಚುತ್ತದೆ, ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಾಗಿಲಿಗೆ ಓಡುತ್ತಾರೆ. ಅದರ ವಿಡಿಯೋವನ್ನೂ ಯಾರಾದರೂ ಹಿಡಿಯದೆ ಇರುವುದಿಲ್ಲ. ಬಲೂನುಗಳ ಮರೆಯಲ್ಲಿ ಡೋಲ್ಫಿ ಟೋಪಿಯನ್ನು ಮೆಲ್ಲನೆ ಪ್ಯಾಂಟಿನ ಜೇಬಿಗೆ ತುರುಕಿದ.

“ಆಯ್ತಾ ಡೋಲ್ಫಿಯಣ್ಣ?”

“ಖಲಾಸ್,” ಎಂದು ಅವನು ಏಣಿ ಇಳಿದು ಮುಂದಿನ ಸಾಲಿನಲ್ಲೇ ಜಾಗ ಹಿಡಿದ. ಎಷ್ಟೋ ತಿಂಗಳ ಮೇಲೆ ಅವನ ಮುಖ ಅರಳಿದ್ದನ್ನು ಕಂಡು ಇನೆಜ್‌ಗೂ ಸಮಾಧಾನವಾಯಿತು.

ಸೇಸಪ್ಪ ದೀಪ ಬೆಳಗಿದ. ಅತಿಥಿಗಳಿಗೆಂದು ಕಾವಲುಗಾರ ಶರೀಫ್ ಬಖೂರಿನ ಧೂಪವನ್ನೂ ಪಕ್ಕದಲ್ಲೇ ತಂದಿಟ್ಟ. ಊದುಬತ್ತಿ ಬೇರೆ ಕಟ್ಟುಗಟ್ಟಲೆ ಉರಿಯುತ್ತಿತ್ತು. ಹೊಗೆ ದಟ್ಟವಾಗಿ ಮೇಲಕ್ಕೆದ್ದು ಬಲೂನುಗಳ ನಡುವೆ ನುಗ್ಗಿತು. ಡೋಲ್ಫಿ ಉಸಿರು ಬಿಗಿಹಿಡಿದು ಕಾದ. ಮುಂದಿನ ಸಾಲಿನವರು ಕೆಮ್ಮತೊಡಗಿದರು. ಅಲಾರಾಂ ಮಾತ್ರ ತುಟಿಪಿಟಿಕ್ ಎನ್ನಲಿಲ್ಲ.

ಆಗ ಡೋಲ್ಫಿಗೆ ನೆನಪಾಯಿತು. ಸೇಸಪ್ಪನ ವಿಡಿಯೋ ಬಂದಂದಿನಿಂದ ಅವನು ಕೋಲು ಮುಟ್ಟಿರಲಿಲ್ಲ. ಶಾಲು ಹೊದೆಯುವವನೇ ಹತ್ತಲಿ ಮೆಟ್ಟಿಲು ಎಂದುಕೊಂಡು, ಶುಕ್ರವಾರಗಳಂದು ಸೋಫಾದಲ್ಲಿ ಕುಳಿತೇ ತಂಡದ ಗ್ರೂಪಿಗೆ ‘ಎಲ್ಲ ಓಕೆ’ ಎಂದು ಕಳಿಸುತ್ತಿದ್ದ. ಈಗ ಅಷ್ಟು ಹತ್ತಿರ ಹತ್ತಿದ್ದರೂ, ಅದರ ಕೆಂಪು ಚುಕ್ಕಿ ಮಿನುಗುತ್ತಿದೆಯೋ ಎಂದು ನೋಡಬೇಕೆಂದು ಹೊಳೆದಿರಲಿಲ್ಲ. ಬ್ಯಾಟರಿ ಯಾವತ್ತು ಸತ್ತಿತ್ತೋ! ಊರಿನಿಂದ ಹೊಸದಾಗಿ ಬಂದ ಹುಡುಗರು ಕೋಣೆ ಸಿಗುವವರೆಗೆ ರಾತ್ರಿ ಮಲಗುವುದು ಇದೇ ಹಾಲಿನಲ್ಲಿ. ಅವರ ಹಾಸಿಗೆಗಳು ಗೋಡೆಯ ಬದಿಯಲ್ಲಿ ಸುರುಳಿ ಸುತ್ತಿಕೊಂಡು ನಿಂತಿದ್ದವು.

ಸೇಸಪ್ಪ ಮೈಕ್ ಹಿಡಿದ. “ಇಷ್ಟು ಹೊಗೆಯಲ್ಲೂ ಅಲಾರಾಂ ಬೊಬ್ಬೆ ಹೊಡೀಲಿಲ್ಲ, ನೋಡಿದ್ರಾ? ನಮ್ಮ ಡೋಲ್ಫಿಯಣ್ಣನ ಕೈ ಅಂದ್ರೆ ಹಾಗೆ! ಮುಚ್ಚಳ ಮುಚ್ಚುವುದನ್ನು ನನಗೆ ಕಲಿಸಿದ್ದೂ ಅವರೇ. ಈ ಶಾಲು ಅವರಿಗೇ ಸೇರಬೇಕು.”

ಹಾಲಿಗೆ ಹಾಲೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೋ ಡೋಲ್ಫಿಯನ್ನು ತೋಳು ಹಿಡಿದು ವೇದಿಕೆಗೆ ಹತ್ತಿಸಿದರು. ವರ್ಷವಿಡೀ ಆಸೆಪಟ್ಟ ಶಾಲು ಹೆಗಲ ಮೇಲೆ ಬಂದು ಕೂತಿತು. ಅದರ ಅಡಿಯಲ್ಲಿ ಅವನ ಕೈ ಜೇಬಿನೊಳಗಿನ ಟೋಪಿಯನ್ನು ಮುಷ್ಟಿಯಲ್ಲಿ ಅದುಮಿಕೊಂಡಿತ್ತು. ಹಾಸಿಗೆಗಳ ಪಕ್ಕದಲ್ಲಿ ನಿಂತ ಹುಡುಗರು ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆಯುತ್ತಿದ್ದರು.

“ಎರಡು ಮಾತಾಡಿ ಡೋಲ್ಫಿಯಣ್ಣ,” ಸೇಸಪ್ಪ ಮೈಕನ್ನು ಅವನ ಬಾಯಿಗೆ ಹಿಡಿದ. “ಈ ಹುಡುಗರು ನಿಮ್ಮನ್ನು ನಂಬಿಯೇ ಇಲ್ಲಿ ನಿದ್ದೆ ಮಾಡುದು.”

ಡೋಲ್ಫಿ ಬಾಯಿ ತೆರೆದ. ತಲೆಯ ಮೇಲಿನ ಅಲಾರಾಮಿನ ಹಾಗೆ, ಅವನಿಂದಲೂ ಸದ್ದು ಹೊರಡಲಿಲ್ಲ.