ಕುಂಕುಮ ಹಚ್ಚಿದ ಲೈಸೆನ್ಸ್

ಸಂಚಾರ ಠಾಣೆಯ ಮೆಟ್ಟಿಲ ಬಳಿ ಗಂಡ ಅವಳ ತೋಳು ಹಿಡಿದು ನಿಲ್ಲಿಸಿದ.

"ಕಾರು ನೀನೇ ಓಡಿಸ್ತಿದ್ದೆ ಅನ್ನು. ಕೆಂಪು ದೀಪ ದಾಟಿದ್ದು ಅಷ್ಟೇ ತಾನೇ, ಲೈಸೆನ್ಸಿಗೆ ಒಂದು ದಂಡದ ಪಾಯಿಂಟ್ ಹಾಕಿ ಕಳಿಸ್ತಾರೆ."

"ನಾನು ಕಾರಲ್ಲೇ ಇರ್ಲಿಲ್ವಲ್ರೀ! ನಂದು ಹೊಸ ಲೈಸೆನ್ಸ್. ಮೊದಲ್ನೇ ವರ್ಷ ಪಾಯಿಂಟ್ ಬಿದ್ರೆ ರದ್ದು ಮಾಡ್ತಾರೆ. ಮೆಸ್‌ನವರು ಊಟದ ವ್ಯಾನ್ ಓಡಿಸೋಕೆ ಬಾ ಅಂದಿದಾರೆ."

"ನನ್ನ ಲೈಸೆನ್ಸಿಗೆ ಇನ್ನೊಂದು ಬಿದ್ರೆ ನಾನು ಲಾರಿ ಇಳೀಬೇಕು. ಆಮೇಲೆ ಮನೆ ಯಾರು ನಡೆಸ್ತಾರೆ, ನಿಮ್ಮಪ್ಪನಾ?"

ಅವಳು ಚೀಲದಿಂದ ಲೈಸೆನ್ಸ್ ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಅವನ ಬೈಗುಳ ತಿಂದುಕೊಂಡೇ ಕಾರು ಕಲಿತಿದ್ದಳು. ಆಯುಧಪೂಜೆಯ ದಿನ ಕಾರಿಗೆ ಹಚ್ಚಿದಂತೆ ತನ್ನ ಲೈಸೆನ್ಸಿಗೂ ಕುಂಕುಮ ಹಚ್ಚಿದ್ದಳು.

ಒಳಗೆ ಸಬ್ ಇನ್‌ಸ್ಪೆಕ್ಟರ್ ಅದನ್ನು ತಿರುಗಿಸಿ ನೋಡಿದರು.

"ಏನಮ್ಮಾ, ಲೈಸೆನ್ಸಿಗೂ ಪೂಜೆನಾ? ಭಾನುವಾರ ಸಂಜೆ ಸಿಗ್ನಲ್ ಹಾರಿಸಿದ್ದು ನೀವೇನಾ?"

"ಹೌದು ಸಾರ್."

"ಯೋಚನೆ ಮಾಡಿ ಹೇಳಿ."

"ನಾನೇ ಸಾರ್."

ಅವರು ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿದರು. ಲೈಸೆನ್ಸ್ ಮತ್ತೆ ಯಾವಾಗ ಕೊಡುತ್ತೀರಿ ಎಂದು ಅವಳು ಅಳುಕುತ್ತಲೇ ಕೇಳಿದಳು.

"ಲೈಸೆನ್ಸ್ ಮಾತು ಬಿಡಮ್ಮಾ. ಸಿಗ್ನಲ್ ದಾಟಿದ ಮೇಲೆ ಹೂ ಮಾರೋ ಮುದುಕಿಗೆ ಗುದ್ದಿ, ನಿಲ್ಲಿಸದೆ ಹೋದ್ರಲ್ಲ, ಆಕೆ ಇವತ್ತು ಬೆಳಗ್ಗೆ ಆಸ್ಪತ್ರೇಲಿ ಸತ್ತುಹೋದ್ಲು."

ನಿಜ ಹೇಳಿಬಿಡಿ ಎನ್ನುವಂತೆ ಅವಳು ಗಂಡನ ಕಡೆ ತಿರುಗಿದಳು. ಅವನು ಅವಳನ್ನು ನೋಡದೆ ಮೇಜಿನ ಹತ್ತಿರ ಬಂದು ಕೈಮುಗಿದ.

"ಹೊಸಬಳು ಸಾರ್. ನಿಧಾನ, ನಿಧಾನ ಅಂತ ಪಕ್ಕದಲ್ಲೇ ಕೂತು ಬಡ್ಕೊಂಡೆ, ನನ್ನ ಮಾತು ಕೇಳ್ಲಿಲ್ಲ."