ಒಬ್ಬರೇ ಎತ್ತಿ ಕೂರಿಸಬಲ್ಲರು

ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತಿದ್ದ ಅಕ್ಕನ ಪಕ್ಕ ತಂಗಿ ಬಂದು ಕೂತಳು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ಗಂಡನನ್ನು ಅಕ್ಕ ಬೆಳಿಗ್ಗೆ ಒಬ್ಬಳೇ ಎತ್ತಿ ಕುರ್ಚಿಗೆ ಕೂರಿಸಲು ಹೋಗಿದ್ದಳು. ಕೈಜಾರಿ ಬಿದ್ದ ಭಾವನ ಸೊಂಟದ ಮೂಳೆ ಮುರಿದಿತ್ತು.

"ಪಕ್ಕದ ಮನೆಯವರನ್ನ ಕರೀಬಹುದಿತ್ತು," ಎಂದಳು ಅಕ್ಕ. "ನಿನ್ನ ಕೋರ್ಸ್ ಮುಗಿಸಿದೀನಲ್ಲ, ಇನ್ಯಾಕೆ ಅವರಿವರ ಹಂಗು ಅನ್ನಿಸ್ತು ಕಣೇ."

ಫಿಸಿಯೋಥೆರಪಿಯಲ್ಲಿ ಪಳಗಿದ್ದ ತಂಗಿಯೇ ತಾನು ದುಡಿಯುವ ಸಂಸ್ಥೆಗಾಗಿ, ರೋಗಿಗಳ ಮನೆಯವರಿಗೆಂದು ಆ ಆನ್‌ಲೈನ್ ಕೋರ್ಸ್ ರೂಪಿಸಿದ್ದಳು. ಕಲಿತವರು ಕೊನೆಗೆ ಏನು ಮಾಡಬಲ್ಲರು ಎಂಬುದನ್ನು ಮೊದಲ ಪುಟದಲ್ಲೇ ಹೇಳಬೇಕಿತ್ತು. 'ರೋಗಿಯನ್ನು ಎತ್ತುವ ಕ್ರಮ ವಿವರಿಸಬಲ್ಲರು, ಯಾವಾಗ ಇನ್ನೊಬ್ಬರ ನೆರವು ಬೇಕೆಂದು ಗುರುತಿಸಬಲ್ಲರು' ಎಂದು ಬರೆದಿದ್ದಳು. ಇಷ್ಟು ಸಪ್ಪೆಯಾದರೆ ಯಾರು ಸೇರುತ್ತಾರೆ ಎಂದು ಸಂಸ್ಥೆಯ ಮುಖ್ಯಸ್ಥ ಮೂಗು ಮುರಿದ.

ಕೋರ್ಸಿನ ಪರೀಕ್ಷೆಯಲ್ಲಿ ಪರದೆಯ ಮೇಲೆ ಸರಿ ಉತ್ತರ ಒತ್ತಿದವರಿಗೆಲ್ಲ ಎತ್ತಲು ಬರುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ವಾದಿಸಲಿಲ್ಲ. ಬರೆದದ್ದನ್ನು ಅಳಿಸಿ, 'ರೋಗಿಯನ್ನು ಒಬ್ಬರೇ ಸುರಕ್ಷಿತವಾಗಿ ಎತ್ತಿ ಕೂರಿಸಬಲ್ಲರು' ಎಂದು ತಿದ್ದಿದಳು. ಮುಖ್ಯಸ್ಥ ಭೇಷ್ ಅಂದ. ಅವಳೂ ಹಿಗ್ಗಿದಳು. ಒಂದು ಸಲ ಬಂದು ಹೇಗೆ ಎತ್ತೋದು ತೋರಿಸಿ ಹೋಗೆಂದು ಅಕ್ಕ ಫೋನಿನಲ್ಲಿ ಕೇಳಿಕೊಂಡಾಗ, ಬಿಡುವಿಲ್ಲ, ಕೋರ್ಸಿನಲ್ಲಿ ಎಲ್ಲಾ ಇದೆ ಎಂದು ಲಿಂಕ್ ಕಳಿಸಿ ಕೈತೊಳೆದುಕೊಂಡಿದ್ದಳು.

ಈಗ ಎಲ್ಲವನ್ನೂ ಹೇಳಿಬಿಡೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕನೇ ಅವಳ ಬೆನ್ನು ಸವರಿ ಸಮಾಧಾನ ಮಾಡತೊಡಗಿದಳು. ಹೇಗಾಯಿತೆಂದು ಡಾಕ್ಟರು ಬಿಡಿಸಿ ಬಿಡಿಸಿ ಕೇಳಿದರೂ ಅಕ್ಕ ಕೋರ್ಸಿನ ಸುದ್ದಿಯನ್ನೇ ಎತ್ತಿರಲಿಲ್ಲವಂತೆ.

"ನಿನ್ನ ಹೆಸರು ಯಾಕೆ ಕೆಡಬೇಕು? ಪರೀಕ್ಷೇಲಿ ನಂದು ಒಂದೂ ತಪ್ಪಿರಲಿಲ್ಲ. ಈ ಕೈಗೇ ವಿದ್ಯೆ ಹತ್ತಲಿಲ್ಲ, ಅಷ್ಟೇ."

ಹಾಗೆಂದವಳು ಎದ್ದು, ತಂಗಿಯನ್ನೂ ಎಬ್ಬಿಸಿ, ತಾನು ಹಿಡಿದ ಬಗೆಯನ್ನು ತೋರಿಸಿದಳು. ಬೆನ್ನನ್ನು ಬಳಸಿ ಹಿಡಿಯಬೇಕಾದ ಕೈಗಳು ತಂಗಿಯ ಕಂಕುಳಲ್ಲಿದ್ದವು. ಅಗಲಿಸಿ ಊರಬೇಕಾದ ಪಾದಗಳು ಜೋಡಿಯಾಗಿ ನಿಂತಿದ್ದವು. ತಂಗಿ ಅಂದು ಹೋಗಿ, ಎದುರಿಗೆ ನಿಂತು ಒಮ್ಮೆ ಅಕ್ಕನ ಕೈ ಸರಿಸಿ ಇಟ್ಟಿದ್ದರೆ ಸಾಕಿತ್ತು.

ತಂಗಿ ತಲೆ ತಗ್ಗಿಸಿದಳು. ಕಂಕುಳಿನಿಂದ ಕೈ ತೆಗೆಯದೆ ಅಕ್ಕ ಮೆಲ್ಲಗೆ ಕೇಳಿದಳು:

"ಮೊದಲಿಂದ ಇನ್ನೊಂದ್ಸಲ ಕೋರ್ಸ್ ಮಾಡ್ಲೇನೇ?"