ಪಕ್ಕದ ಕೋಣೆ

ಬಾಗಿಲು ತೆರೆದ ಮುದುಕ ಹಲ್ಲಕ್ಕನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ. ಅವಳು ತುಟಿ ಬಿಚ್ಚುವ ಮೊದಲೇ ಕೈ ತೋರಿಸಿದ. "ಇದು ಕುಡಿತ ಬಿಡೋರ ಗುಂಪು ತಾಯಿ. ಕುಡಿಯೋರ ಮನೆಯವರದ್ದು ಪಕ್ಕದ ಕೋಣೆ." ಅವನ ಬೆನ್ನ ಹಿಂದೆ ಏಳೆಂಟು ಗಂಡಸರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಹೆಂಗಸನ್ನು ಕಂಡದ್ದೇ ಒಬ್ಬ, ಶೂ ಲೇಸು ಕಟ್ಟುವವನಂತೆ ತಲೆ ತಗ್ಗಿಸಿದ.

"ಅಲ್ಲ, ನಾನು..." ಅಂದಳು. ಬಾಗಿಲು ಆಗಲೇ ಮುಚ್ಚಿತ್ತು.

ಹಲ್ಲಕ್ಕ ಅನ್ನುವುದು ಹಲ್ಲು ಕಟ್ಟುವ ಲ್ಯಾಬಿನವರು ಇಟ್ಟ ಹೆಸರು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಪುಡಿ ಕಲಸಿ ಹೊಯ್ದು, ಅದರ ಮೇಲೆ ಮೇಣ ಕಟ್ಟಿ, ಸ್ಪಿರಿಟ್ ದೀಪದ ಉರಿಯಲ್ಲಿ ತಿದ್ದಿ, ಕಟ್ಟು ಹಲ್ಲು ಕೂರಿಸುವುದು ಅವಳ ಕೆಲಸ. ಎಷ್ಟೋ ಬೊಚ್ಚು ಬಾಯಿಗಳನ್ನು ತುಂಬಿಸಿದವಳಿಗೆ ತನ್ನ ಬಾಯಿಂದ ಒಂದು ಮಾತು ಹೊರಡಿಸಲು ಆಗುತ್ತಿರಲಿಲ್ಲ. ಈ ಜಾಗ ಹುಡುಕುವುದೇ ಹರಸಾಹಸವಾಗಿತ್ತು. ಯಾರನ್ನಾದರೂ ಕೇಳಿದರೆ "ಯಾರಿಗೆ?" ಅನ್ನುತ್ತಾರಲ್ಲ! ಫೋನಿನಲ್ಲಿ ವಿಚಾರಿಸಿದಾಗಲೂ "ನಮ್ಮ ಸಂಬಂಧಿಕರೊಬ್ಬರಿಗೆ" ಅಂದಿದ್ದಳು. ಇವತ್ತು ಬೀದಿಯ ತುದಿಯಲ್ಲಿ ಬೀಗದಂಗಡಿಯವನು "ಏನು ಹುಡುಕ್ತಿದೀರಿ?" ಅಂದಾಗ ಗಾಬರಿಯಾಗಿ "ಹೊಲಿಗೆ ಕ್ಲಾಸು" ಅಂದುಬಿಟ್ಟಳು. ಪುಣ್ಯಾತ್ಮ, ನಿಜಕ್ಕೂ ಒಂದು ಹೊಲಿಗೆ ಕ್ಲಾಸಿನ ಬಾಗಿಲವರೆಗೆ ಬಿಟ್ಟು ಹೋಗಿದ್ದ.

ಈಗಲೂ ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂದಿರುಗಬಹುದಿತ್ತು. ಆದರೆ ಮನೆಯಲ್ಲಿ ಯಾರಿದ್ದಾರೆ? ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಪಾಪ, ಆತ ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಮಗಳು ಬರುವುದನ್ನು ನಿಲ್ಲಿಸಿದ್ದಳು. ಕೊನೆಯ ಸಲ ಬಂದಾಗ, ಮೊಮ್ಮಗುವನ್ನು ಸ್ನಾನದ ಟಬ್ಬಿನಲ್ಲಿ ಕೂರಿಸಿ, ನಲ್ಲಿ ಬಿಟ್ಟು, ಹಲ್ಲಕ್ಕ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಕಣ್ಣು ಬಿಟ್ಟಾಗ ಮಗಳು ಎದುರಿಗೆ ನಿಂತಿದ್ದಳು. ನೀರು ಮಗುವಿನ ಗದ್ದಕ್ಕೆ ಬಂದಿತ್ತು. ಮಗಳು ಕೂಗಾಡಲಿಲ್ಲ. ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು, "ಇನ್ಮೇಲೆ ಇವಳನ್ನ ನಿನ್ನ ಕೈಗೆ ಕೊಡಲ್ಲಮ್ಮ," ಅಂದಳು. ಅಷ್ಟೇ.

ಹಲ್ಲಕ್ಕ ಪಕ್ಕದ ಕೋಣೆಗೆ ಹೋಗಿ ಕೂತಳು.

ಅಲ್ಲಿ ಹೆಂಗಸರೇ ಇದ್ದರು. ನಡುವೆ ಕೂತಿದ್ದ ಕನ್ನಡಕದ ಹಿರಿಯಳು, ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳಿರಬೇಕು, "ಹೊಸಬರು ಬಂದಿದಾರೆ, ಜಾಗ ಕೊಡಿ," ಅಂದಳು. "ನಿಮ್ಮನೆಯವರು ಎಷ್ಟು ವರ್ಷದಿಂದ?"

"ಆರು... ಏಳು," ಅಂದಿತು ಹಲ್ಲಕ್ಕನ ಬಾಯಿ.

"ದಿನಾ?"

"ದಿನಾ. ಮೊದಲು ಸಾಯಂಕಾಲ ಮಾತ್ರ ಇತ್ತು. ಈಗ ಬೆಳಿಗ್ಗೇನೂ ಬೇಕು. ಇಲ್ಲದಿದ್ರೆ ಕೈ ನಡುಗುತ್ತೆ, ಕೆಲಸ ಸಾಗಲ್ಲ."

"ಬಾಟ್ಲಿ ಎಲ್ಲಿ ಬಚ್ಚಿಡ್ತಾರೆ?" ಕೇಳಿದವಳು ಪಕ್ಕದ ಕುರ್ಚಿಯ ಬೇಕರಿಯವಳು, ಮೊಣಕೈಗೆ ಇನ್ನೂ ಹಿಟ್ಟು ಅಂಟಿತ್ತು. "ನಮ್ಮೋನು ಮಳೆಗಾಲದ ಬೂಟಿನಲ್ಲಿ."

"ಪ್ಲಾಸ್ಟರ್ ಪುಡಿ ಚೀಲದಲ್ಲಿ."

ಎಲ್ಲರೂ ನಕ್ಕರು. ಹಲ್ಲಕ್ಕನಿಗೂ ನಗು ಬಂತು. ನಾಲ್ಕು ಜನರ ನಡುವೆ ಕೂತು ನಕ್ಕು ಎಷ್ಟು ದಿನವಾಗಿತ್ತೋ! ಬೇಕರಿಯವಳು ಅವಳ ಕೈ ಹಿಡಿದುಕೊಂಡಳು. ಬೆಚ್ಚಗಿನ, ಒರಟು ಕೈ. ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ತಾನಾಗಿ ಹರಿಯಿತು. ಸ್ನಾನದ ಟಬ್ಬಿನ ಕಥೆಯನ್ನೂ ಹೇಳಿಬಿಟ್ಟಳು, 'ಅವರು' ಅಂತಲೇ.

"ಥೂ, ಮಗೂನ ನೀರಲ್ಲಿ ಬಿಟ್ಟು ಮಲಗೋದಾ!" ಬೇಕರಿಯವಳ ಹಿಡಿತ ಬಿಗಿಯಾಯಿತು. "ಇವರಿಗೆಲ್ಲ ನಾಚಿಕೆ ಅನ್ನೋದೇ ಇಲ್ಲ ಬಿಡಿ."

"ಇದೆ," ಅಂದಳು ಹಲ್ಲಕ್ಕ. ದನಿ ತನಗೇ ಜೋರಾಗಿ ಕೇಳಿಸಿತು. "ನಾಚಿಕೆ ಇದೆ. ಕನ್ನಡಿ ಮುಂದೆ ನಿಂತು ತಲೆ ಬಾಚೋಕೂ ಆಗದಷ್ಟಿದೆ. ಅದನ್ನ ಮರೆಯೋಕೇ ಮತ್ತೆ ಕುಡಿಯೋದು."

ಹಿರಿಯಳು ಕನ್ನಡಕ ತೆಗೆದು ಒರೆಸಿದಳು. "ಅಷ್ಟು ತಿಳುವಳಿಕೆ ಇರೋರು ಬದುಕ್ಕೋತಾರಮ್ಮ. ಅವರನ್ನ ಆಚೆ ಕೋಣೆಗೆ ಕಳಿಸಿ."

"ಒಬ್ಬರೇ ಹೋಗೋಕೆ ಹೆದರಿಕೆ ಅವರಿಗೆ."

"ಹಾಗಾದ್ರೆ ಮುಂದಿನ ವಾರ ನೀವೇ ಕರ್ಕೊಂಡು ಬನ್ನಿ."

"ಕರ್ಕೊಂಡೇ ಬಂದಿದೀನಿ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಅವಳ ಕಡೆ ನೋಡಿದರು. ಬೇಕರಿಯವಳು ಎಲ್ಲರಿಗಿಂತ ಕೊನೆಗೆ ನೋಡಿದಳು. ನೋಡಿ, ಮೆಲ್ಲಗೆ ಕೈ ಬಿಡಿಸಿಕೊಂಡಳು.

ಹಲ್ಲಕ್ಕ ಎದ್ದಳು. ಹೊರಗೆ ಬಂದವಳು, ಆ ಹೆಂಗಸಿನ ಬಿಸಿ ಇನ್ನೂ ಆರದಿದ್ದ ಕೈಯಿಂದಲೇ ಆಚೆ ಕೋಣೆಯ ಮುಚ್ಚಿದ ಬಾಗಿಲು ತಟ್ಟಿದಳು.